ಕೋಡಿಯಮಠದ ಪಾಠಪಟ್ಟಿ

ಪದವಿ ತರಗತಿಗೆ ಸೇರುವಾಗ ಇತಿಹಾಸ, ಅರ್ಥಶಾಸ್ತ್ರ, ಭೌತಶಾಸ್ತ್ರಗಳನ್ನು ಆರಿಸಿಕೊಳ್ಳುವಂತೆ ‘ಜಗತ್ತಿನ ಧರ್ಮಗಳು’ ಎಂಬ ವಿಷಯವನ್ನೂ ಆರಿಸಿಕೊಳ್ಳಬಹುದೆ? ಮನೆಯಲ್ಲಿ ಈ ಮಾತೆತ್ತಿದರೆ “ನಮ್ಮ ಧರ್ಮ ನಮಗೆ ಗೊತ್ತು, ಬೇರೆಯವರದು ನಮಗೇಕೆ?” ಎಂಬ ಉತ್ತರ ಬರಬಹುದು. ಇಂಥ ಅಧ್ಯಯನ ಪಶ್ಚಿಮ ದೇಶಗಳಿಂದ ಬಂದದ್ದೆಂದು ಹೇಳುವವರೂ ಇದ್ದಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನಿನಿಯನ್ ಸ್ಮಾರ್ಟ್ ಅವರ ನೇತೃತ್ವದಲ್ಲಿ ಧರ್ಮಗಳ ಅಧ್ಯಯನ ವಿಭಾಗ ಆರಂಭವಾದದ್ದು 1967ರಲ್ಲಿ. ಅದೇ ವರ್ಷ ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯದಲ್ಲಿಯೂ ಅಂಥದೊಂದು ವಿಭಾಗ ತೆರೆಯಿತು. ಆದರೆ ಅದಕ್ಕೂ ಎಂಟುನೂರು ವರ್ಷಗಳ ಹಿಂದೆ ನಮ್ಮ ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಕಲ್ಲೊಂದು ನಮಗೆ ಹೇಳುತ್ತದೆ.

ಶಿಕಾರಿಪುರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಬಳ್ಳಿಗಾವಿ ಇಂದು ಒಂದು ಚಿಕ್ಕ ಹಳ್ಳಿ. ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನಿರ್ಛಾಸಿರ ಪ್ರಾಂತದ ರಾಜಧಾನಿಯಾಗಿತ್ತು. ಇಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ವಿದ್ಯಾಕೇಂದ್ರವೇ ಕೋಡಿಯಮಠ. ಅದನ್ನು ನಡೆಸುತ್ತಿದ್ದವರು ಕಾಳಾಮುಖ ಶೈವ ಯತಿಗಳು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮುಂತಾದ ಆಚಾರ್ಯರ ಹೆಸರುಗಳು ಶಾಸನಗಳಲ್ಲಿ ದೊರೆಯುತ್ತವೆ.

ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವು ಈ ಮಠವನ್ನು ವಿಸ್ತಾರವಾಗಿ ವರ್ಣಿಸಿದೆ. ಬಿ.ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಈ ವರ್ಣನೆಯನ್ನು ಒಂದು ಪಾಠಪಟ್ಟಿಯಂತೆಯೇ ಓದಬಹುದು. ಮೊದಲು ನಾಲ್ಕು ವೇದಗಳು ಮತ್ತು ಅವುಗಳ ಅಂಗಗಳು. ಅನಂತರ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು. ಆಮೇಲೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳು. ಲಾಕುಳ ಸಿದ್ಧಾಂತ, ಪತಂಜಲಿಯ ಯೋಗಶಾಸ್ತ್ರ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ ಎಲ್ಲವೂ ಅಲ್ಲಿವೆ.

ಈ ಪಟ್ಟಿಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಶೈವ ಮಠದಲ್ಲಿ ಬೌದ್ಧ ದರ್ಶನ ಪಾಠದ ವಿಷಯವಾಗಿದೆ. ಶಾಕಟಾಯನ ವ್ಯಾಕರಣವೆಂದು ಹೆಸರಾದದ್ದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ವಿದ್ವಾಂಸ ಪಾಲ್ಯಕೀರ್ತಿಯ ಕೃತಿ. ಅಂದರೆ ಶಿವನ ಆರಾಧಕರು ಜೈನರ ವ್ಯಾಕರಣವನ್ನೂ ಬೌದ್ಧರ ತರ್ಕವನ್ನೂ ಬಿಟ್ಟು ವಿದ್ಯೆ ಪೂರ್ಣವಾಗದೆಂದು ತಿಳಿದಿದ್ದರು. ಮಠದ ಬಾಗಿಲೂ ಹಾಗೆಯೇ ತೆರೆದಿತ್ತು. ದೀನರು, ಅನಾಥರು, ಕುರುಡರು, ಕಿವುಡರಿಗೆ ಮಾತ್ರವಲ್ಲದೆ ಜೈನ ಕ್ಷಪಣಕರಿಗೆ, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಸಂನ್ಯಾಸಿಗಳಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ಇತ್ತು.

ಹೀಗಾಗಲು ಊರಿನ ಸ್ವರೂಪವೇ ಕಾರಣ. ಬಳ್ಳಿಗಾವಿಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೆ ಸಂಬಂಧಿಸಿದ ಐದು ಮಠಸ್ಥಾನಗಳಿದ್ದವೆಂದು ಶಾಸನಗಳು ಹೇಳುತ್ತವೆ. ಕ್ರಿ.ಶ. 1065ರಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ಅಧಿಕಾರಿ ರೂಪಭಟ್ಟಯ್ಯನು ಇಲ್ಲಿ ಬೌದ್ಧ ವಿಹಾರವನ್ನು ಕಟ್ಟಿಸಿದನು. 1068ರಲ್ಲಿ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಲಾಯಿತು. ಹರಿಹರನ ರಗಳೆಯ ಪ್ರಕಾರ ಅಲ್ಲಮಪ್ರಭು ಹುಟ್ಟಿದ್ದೂ ಈ ಊರಿನಲ್ಲಿಯೇ. ಸಂತೆಗೆ ಹೋದವನಿಗೂ ದಾರಿಯಲ್ಲಿ ಇನ್ನೊಂದು ಮತದವನು ಎದುರಾಗುವ ಊರು ಅದು. ಅಲ್ಲಿ ಅನ್ಯಧರ್ಮದ ಅರಿವು ದಿನನಿತ್ಯದ ಅಗತ್ಯವಾಗಿತ್ತು.

ಹಾಗೆಂದು ಇದನ್ನು ಸಂಪೂರ್ಣ ಸೌಹಾರ್ದದ ಚಿತ್ರವೆಂದು ಭಾವಿಸಬಾರದು. ಇದೇ ಬಳ್ಳಿಗಾವಿಯ ಪಂಚಲಿಂಗ ದೇವಾಲಯದ ಕ್ರಿ.ಶ. 1036ರ ಶಾಸನವನ್ನು ನೋಡಿ. ಅಲ್ಲಿ ಲಾಕುಳೀಶ್ವರ ಪಂಡಿತನೆಂಬ ಕಾಳಾಮುಖ ಆಚಾರ್ಯನು ಬೌದ್ಧರೆಂಬ ಸಮುದ್ರಕ್ಕೆ ಬಡಬಾಗ್ನಿ, ಮೀಮಾಂಸಕರೆಂಬ ಪರ್ವತಕ್ಕೆ ಸಿಡಿಲು, ಲೋಕಾಯತರೆಂಬ ಮರಕ್ಕೆ ಗರಗಸ ಎಂದು ಹೊಗಳಿಸಿಕೊಂಡಿದ್ದಾನೆ. ಇಲ್ಲಿ ಬೇರೆಯವರ ಶಾಸ್ತ್ರವನ್ನು ಓದುವುದು ವಾದದಲ್ಲಿ ಅವರನ್ನು ಸೋಲಿಸುವುದಕ್ಕಾಗಿ.

ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಇನ್ನೊಂದು ಮಾದರಿಯಿದೆ. 11ನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿನ ಪಾರ್ಶ್ವದೇವ ಚೈತ್ಯಾಲಯದ ಪೋಷಕಿಯಾದಳು. ಆಕೆ ಅಗ್ರಹಾರದ ಬ್ರಾಹ್ಮಣರನ್ನು ಗೌರವಿಸಿ, ಅವರಿಂದಲೇ ಆ ಬಸದಿಗೆ ‘ಬ್ರಹ್ಮಜಿನಾಲಯ’ ಎಂಬ ಹೆಸರಿಡಿಸಿದಳು. ಗೆಲ್ಲುವುದಕ್ಕಾಗಿ ತಿಳಿಯುವುದು ಒಂದು ದಾರಿ. ಕೂಡಿ ಬಾಳುವುದಕ್ಕಾಗಿ ತಿಳಿಯುವುದು ಮತ್ತೊಂದು. ಎರಡೂ ಈ ನೆಲದಲ್ಲಿಯೇ ಇದ್ದವು.

ಸ್ವತಂತ್ರ ಭಾರತದ ಮುಂದೆಯೂ ಇದೇ ಪ್ರಶ್ನೆ ನಿಂತಿತು. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ 1948-49ರ ವಿಶ್ವವಿದ್ಯಾನಿಲಯ ಆಯೋಗವು ಮೂರು ವರ್ಷದ ಪದವಿಗೆ ಒಂದು ಕ್ರಮವನ್ನು ಸೂಚಿಸಿತು. ಮೊದಲನೆಯ ವರ್ಷ ಬುದ್ಧ, ಏಸು, ಶಂಕರ, ಮಹಮ್ಮದ್, ಕಬೀರ್, ನಾನಕ್ ಮೊದಲಾದವರ ಜೀವನ. ಎರಡನೆಯ ವರ್ಷ ಜಗತ್ತಿನ ಧರ್ಮಗ್ರಂಥಗಳ ಆಯ್ದ ಭಾಗಗಳು. ಮೂರನೆಯ ವರ್ಷ ಧರ್ಮದ ತತ್ತ್ವವಿಚಾರ. ಆದರೆ ಈ ಸಲಹೆ ದೇಶದ ಎಲ್ಲ ಕಾಲೇಜುಗಳ ಪಾಠವಾಗಲಿಲ್ಲ.

ಅದಕ್ಕೆ ಒಂದು ಅಂಜಿಕೆಯೂ ಕಾರಣ. ಸಂವಿಧಾನದ 28ನೆಯ ವಿಧಿಯಂತೆ, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು. ಆದರೆ ಒಂದು ಮತವನ್ನು ಬೋಧಿಸುವುದು ಬೇರೆ, ಮತಗಳ ವಿಷಯವಾಗಿ ತಿಳಿವಳಿಕೆ ನೀಡುವುದು ಬೇರೆ ಎಂದು 1964-66ರ ಕೊಠಾರಿ ಆಯೋಗ ಸ್ಪಷ್ಟಪಡಿಸಿತು. ಧರ್ಮಗಳ ಅಧ್ಯಯನಕ್ಕೆ ಸಂವಿಧಾನದ ಅಡ್ಡಿಯಿಲ್ಲವೆಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ 2002ರ ತೀರ್ಪಿನಲ್ಲಿ ನೀಡಿತು.

ಕೋಡಿಯಮಠ ಇಂದಿನ ಅರ್ಥದ ವಿಶ್ವವಿದ್ಯಾನಿಲಯವಾಗಿರಲಿಲ್ಲ. ಅದು ಒಂದು ಪಂಥದ ಮಠ. ಅದರ ಪಾಠದ ಮನೆಗೆ ಎಲ್ಲರಿಗೂ ಪ್ರವೇಶವಿತ್ತೆಂದು ಶಾಸನ ಹೇಳುವುದಿಲ್ಲ. ಇಂದಿನ ಕಾಲೇಜಿನಲ್ಲಿ ಎಲ್ಲ ಜಾತಿ ಮತಗಳ ಹುಡುಗ ಹುಡುಗಿಯರು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಬೆಂಚು ವಿಶಾಲವಾಗಿದೆ, ಪಾಠಪಟ್ಟಿ ಮಾತ್ರ ಕಿರಿದಾಗಿದೆ. ಪಕ್ಕದಲ್ಲಿ ಕುಳಿತ ಗೆಳೆಯನ ಹಬ್ಬದ ಊಟ ನಮಗೆ ಗೊತ್ತು, ಅವನ ನಂಬಿಕೆಯ ಇತಿಹಾಸ ಗೊತ್ತಿಲ್ಲ. ಆ ತಿಳಿವಳಿಕೆ ಇಲ್ಲದ ಕಡೆ ಗಾಳಿಮಾತು ಬಂದು ಕೂರುತ್ತದೆ.

ಮುಂದಿನ ಬಾರಿ ಶಿಕಾರಿಪುರದ ಕಡೆಗೆ ಶಾಲಾ ಪ್ರವಾಸ ಹೊರಟಾಗ ಕೇದಾರೇಶ್ವರನ ಗುಡಿಯನ್ನು ನೋಡಿ, ಶಾಸನದ ಕಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ತನ್ನ ದೇವರನ್ನು ಬಿಡದೆ ಇನ್ನೊಬ್ಬರ ದರ್ಶನವನ್ನು ಶ್ರದ್ಧೆಯಿಂದ ಓದಬಹುದು ಎಂಬುದಕ್ಕೆ ಅಲ್ಲಿ ಕಲ್ಲಿನ ಸಾಕ್ಷಿಯಿದೆ.