ಮರದ ನೌಕೆ, ಬಣ್ಣದ ಆಕಾಶ

ಅಮೆರಿಕದ ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ವಿಮಾನ ಮತ್ತು ಅಂತರಿಕ್ಷ ಸಂಗ್ರಹಾಲಯದಲ್ಲಿ, ನಿಜವಾಗಿ ಹಾರಿದ ವಿಮಾನಗಳ ನಡುವೆ, ಎಂದೂ ಹಾರದ ಒಂದು ನೌಕೆ ಇದೆ. ಮರ, ಪ್ಲಾಸ್ಟಿಕ್, ತಗಡು ಸೇರಿಸಿ ಮಾಡಿದ ಸುಮಾರು 11 ಅಡಿ ಉದ್ದದ ಮಾದರಿ. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯ ‘ಎಂಟರ್‌ಪ್ರೈಸ್’ ನೌಕೆ ಅದು. ಒಳಗಿನ ದೀಪಗಳಿಗೆ ಬೇಕಾದ ವೈರುಗಳನ್ನೆಲ್ಲ ಅದರ ಎಡಮಗ್ಗುಲಿನಿಂದ ಎಳೆದಿದ್ದರು. ಹಾಗಾಗಿ ಕ್ಯಾಮೆರಾ ನೋಡಿದ್ದೆಲ್ಲ ಬಲಮಗ್ಗುಲನ್ನೇ. ಎಡಗಡೆಯ ಅಲಂಕಾರವನ್ನು ಯಾರೂ ಪೂರ್ತಿ ಮಾಡಲೇ ಇಲ್ಲ.

ಹಡಗಲಿ ಸೀಮೆಯ ಇಟ್ಟಿಗಿಯವನಾದ ನನಗೆ ಇದನ್ನು ಓದಿದಾಗ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ಪರದೆಯ ಹಿಂಬದಿ ಹೇಗಿರುತ್ತದೆಂದು ಗೊತ್ತು. ಮುಂದೆ ಅರಮನೆ, ಹಿಂದೆ ತೇಪೆ ಹಾಕಿದ ಬಟ್ಟೆ, ಹಗ್ಗ, ಬಿದಿರುಗಳ. ಪ್ರೇಕ್ಷಕನ ಕಣ್ಣು ಎಲ್ಲಿ ಬೀಳುತ್ತದೋ ಅಲ್ಲಿಗಷ್ಟೇ ಬಣ್ಣ ಖರ್ಚು ಮಾಡಬೇಕೆಂಬುದು ಆ ಕಸುಬಿನ ಮೊದಲ ಲೆಕ್ಕ.

ಎಂಟರ್‌ಪ್ರೈಸ್‌ನ ವಿನ್ಯಾಸಕಾರ ಮ್ಯಾಟ್ ಜೆಫರೀಸ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿದವನು, ಆಮೇಲೂ ಸ್ವಂತ ವಿಮಾನ ಇಟ್ಟುಕೊಂಡವನು. ರಾಕೆಟ್ಟಿನ ರೆಕ್ಕೆ, ಬೆಂಕಿ, ಹೊಗೆ ಯಾವುದೂ ಇರಬಾರದೆಂದು ನಿರ್ಮಾಪಕ ಜೀನ್ ರಾಡೆನ್‌ಬೆರಿ ಹೇಳಿದ್ದ. ಜೆಫರೀಸ್ ಮೆಕ್ಯಾನಿಕ್ಕಿನಂತೆ ಯೋಚಿಸಿದ. ಅಷ್ಟು ಬಲವಾದ ಎಂಜಿನ್ನು ಅಪಾಯಕಾರಿ, ಹಾಗಾಗಿ ಜನ ವಾಸಿಸುವ ಭಾಗದಿಂದ ದೂರ ಇಡಬೇಕು. ರಿಪೇರಿ ಮಾಡುವವನು ಶೂನ್ಯದಲ್ಲಿ ಹೊರಗೆ ನಿಲ್ಲಬಾರದು, ಹಾಗಾಗಿ ಯಂತ್ರಗಳೆಲ್ಲ ಒಳಗೆ, ಹೊರಮೈ ನುಣುಪು. ನಂಬಿಕೆ ಹುಟ್ಟಿದ್ದು ಈ ತರ್ಕದಿಂದ.

ಉಳಿದದ್ದನ್ನು ಕೈಕಟ್ಟು ರೂಪಿಸಿತು. ಪ್ರತಿ ವಾರ ಹೊಸ ಗ್ರಹದ ಮೇಲೆ ಇಷ್ಟು ದೊಡ್ಡ ನೌಕೆಯನ್ನು ಇಳಿಸಿ ತೋರಿಸಲು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಆದ್ದರಿಂದ ಮನುಷ್ಯರನ್ನೇ ಮಾಯ ಮಾಡಿ ನೆಲದ ಮೇಲೆ ಪ್ರತ್ಯಕ್ಷಗೊಳಿಸುವ ‘ಟ್ರಾನ್ಸ್‌ಪೋರ್ಟರ್’ ಬಂತು. ಗ್ರಹಗಳೂ ಹಾಗೇ: ಅದೇ ಸ್ಟುಡಿಯೋ ನೆಲ, ಅದೇ ಹುಸಿ ಬಂಡೆ. ಹಿಂದಿನ ಪರದೆಯ ಮೇಲೆ ಬೀಳುವ ಬೆಳಕಿನ ಬಣ್ಣ ಬದಲಾದರೆ ಆಕಾಶ ಬದಲಾಯಿತು, ಗ್ರಹವೂ ಬದಲಾಯಿತು. ನಮ್ಮ ಕಂಪನಿಗಳವರೂ ಬೀದಿ, ಕಾಡು, ಅರಮನೆ, ಜೈಲು ಎಂಬ ಕೆಲವೇ ಪರದೆಗಳಲ್ಲಿ ಹತ್ತಾರು ನಾಟಕ ಆಡುತ್ತಿದ್ದರು.

ಬ್ರಿಟನ್ನಿನಲ್ಲಿ 1965ರಲ್ಲಿ ಬಂದ ‘ಥಂಡರ್‌ಬರ್ಡ್ಸ್’ ಬೊಂಬೆಗಳ ಧಾರಾವಾಹಿ. ಅದರ ನೌಕೆಗಳ ಕೆಲಸ ಡೆರೆಕ್ ಮೆಡಿಂಗ್ಸ್‌ನದು. ತಂತಿಯಲ್ಲಿ ತೂಗುಬಿಟ್ಟ ವಿಮಾನವನ್ನು ಓಡಿಸಿದರೆ ಅದು ಅಲುಗಾಡುತ್ತದೆ, ಆಟಿಕೆಯೆಂದು ಗೊತ್ತಾಗಿಬಿಡುತ್ತದೆ. ಆತ ವಿಮಾನವನ್ನು ನಿಂತಲ್ಲೇ ನಿಲ್ಲಿಸಿ, ಹಿಂದಿನ ಆಕಾಶದ ಚಿತ್ರವನ್ನೇ ಸುರುಳಿಯಾಗಿ ಉರುಳಿಸಿದ. ಬಂಡಿಗಳಿಗಾದರೆ ಕೆಳಗಿನ ರಸ್ತೆ ಪಟ್ಟಿಯಂತೆ ಓಡುತ್ತಿತ್ತು. ಜೊತೆಗೆ ಕ್ಯಾಮೆರಾವನ್ನು ಮಾಮೂಲಿಗಿಂತ ಹಲವು ಪಟ್ಟು ವೇಗವಾಗಿ ಓಡಿಸಿ, ತೋರಿಸುವಾಗ ಮಾಮೂಲಿ ವೇಗದಲ್ಲಿ ತೋರಿಸಿದರು. ಚಲನೆ ನಿಧಾನವಾಯಿತು, ಅಂಗೈಯಗಲದ ಆಟಿಕೆಗೆ ಟನ್ನುಗಟ್ಟಲೆ ತೂಕ ಬಂತು. ಸ್ಫೋಟವಾದರೆ ಧೂಳು ಕೂಡ ಗಂಭೀರವಾಗಿ ಏಳುತ್ತಿತ್ತು.

ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆಯನ್ನೇನೋ ತರಬಹುದು, ಪುಷ್ಪಕ ವಿಮಾನವನ್ನು ಎಲ್ಲಿಂದ ತರುವುದು? ಅದನ್ನು ಬಡಗಿ ಮತ್ತು ಪರದೆ ಬರೆಯುವವನೇ ಸೃಷ್ಟಿಸಬೇಕು. ಬಣ್ಣ ಬಳಿದ ಹಲಗೆಯ ವಿಮಾನ ನಿಂತೇ ಇರುತ್ತಿತ್ತು, ಹಿಂದೆ ಮೋಡದ ಪರದೆ ಸರಿಯುತ್ತಿತ್ತು ಎಂದು ನಮ್ಮೂರಿನ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಮೆಡಿಂಗ್ಸ್‌ನನ್ನು ಅವರು ಕಂಡವರಲ್ಲ, ಅವನೂ ಇವರನ್ನು ಕಂಡವನಲ್ಲ.

ದೂರದರ್ಶನದ ಕಾಲದಲ್ಲಿ ನಮ್ಮವರೂ ಈ ಕೆಲಸಕ್ಕೆ ಕೈಹಾಕಿದರು. 1980ರ ದಶಕದಲ್ಲಿ ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು. 1989ರ ‘ಇಂದ್ರಧನುಷ್’ನಲ್ಲಿ ನಮ್ಮ ಗಿರೀಶ ಕಾರ್ನಾಡರೇ ಇದ್ದರು. ಈಗ ಅವುಗಳ ತುಣುಕು ನೋಡಿದವರು ರಟ್ಟು, ಥರ್ಮೋಕೋಲ್ ಎಂದು ನಗುತ್ತಾರೆ. ಎಂಟರ್‌ಪ್ರೈಸ್‌ನ ಎಡಮಗ್ಗುಲು ನೋಡಿದ್ದರೆ ಅಷ್ಟು ನಗುತ್ತಿರಲಿಲ್ಲವೇನೋ. ವ್ಯತ್ಯಾಸವಿದ್ದದ್ದು ದುಡ್ಡಿನಲ್ಲಿ, ಮತ್ತು ಆಮೇಲೆ ಆ ವಸ್ತುಗಳಿಗೆ ಸಿಕ್ಕ ಗತಿಯಲ್ಲಿ.

ಎಂಟರ್‌ಪ್ರೈಸ್ 1974ರಲ್ಲಿ ಸ್ಮಿತ್ಸೋನಿಯನ್‌ಗೆ ಬಂತು. ಬಹಳ ವರ್ಷ ಅಲ್ಲಿನ ಅಂಗಡಿಯಲ್ಲಿ ನಿಂತಿತ್ತು. 2014ರಲ್ಲಿ ಅದನ್ನು ಇಳಿಸಿ, ಹಳೆಯ ಬಣ್ಣದ ಪದರುಗಳನ್ನು ಪರೀಕ್ಷಿಸಿ, ಮೂಲದಂತೆ ಸರಿಪಡಿಸಿ, 2016ರಲ್ಲಿ ಮುಖ್ಯ ಸಭಾಂಗಣದಲ್ಲಿ ಇಟ್ಟರು. ಹಾಗೆಂದು ಅಲ್ಲಿಯೂ ಎಲ್ಲ ಕೈಗಳಿಗೂ ನ್ಯಾಯ ಸಿಕ್ಕಿತೆಂದಲ್ಲ. 1963ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಗೆ ಡಾಲೆಕ್ ಎಂಬ ಯಂತ್ರಜೀವಿಗಳಿಗೆ ರೂಪ ಕೊಟ್ಟವನು ರೇಮಂಡ್ ಕ್ಯೂಸಿಕ್. ಅವುಗಳ ಆಟಿಕೆಗಳು ಬ್ರಿಟನ್ನಿನಲ್ಲೆಲ್ಲ ಮಾರಾಟವಾದವು. ಕಥೆ ಬರೆದ ಟೆರಿ ನೇಷನ್‌ಗೆ ಪಾಲು ಬಂತು. ಸಂಬಳದ ನೌಕರನಾಗಿದ್ದ ಕ್ಯೂಸಿಕ್‌ಗೆ ಸಿಕ್ಕಿದ್ದು ಒಂದು ಸಣ್ಣ ಇನಾಮು ಮಾತ್ರ. ಆದರೂ ಅವನ ಹೆಸರು ದಾಖಲೆಯಲ್ಲಿ ಉಳಿಯಿತು.

ನಮ್ಮಲ್ಲಿ ಅದೂ ಕಷ್ಟ. ಮರಿಯಮ್ಮನಹಳ್ಳಿಯ ಕಲಾವಿದೆಯರನ್ನು ನಾಡು ಬಲ್ಲದು. ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಎಂ.ಪಿ. ಪ್ರಕಾಶರನ್ನೂ ನೆನೆಯುತ್ತೇವೆ. ಅವರ ಬೆನ್ನ ಹಿಂದೆ ಇಳಿಬಿದ್ದ ಪರದೆ ಬರೆದವರು ಯಾರು? ಮೋಡವನ್ನು ಎಳೆದ ಹಗ್ಗ ಹಿಡಿದವರು ಯಾರು? ಕಂಪನಿ ಮುಳುಗಿದಾಗ ಪರದೆಗಳು ಚೀಲವಾದವು, ತಾಡಪತ್ರಿಯಾದವು. ಹಳೆಯ ಕರಪತ್ರಗಳಲ್ಲಿ ‘ಭವ್ಯ ರಂಗಸಜ್ಜಿಕೆ’ ಎಂದು ಇರುತ್ತದೆ, ಮಾಡಿದವರ ಹೆಸರು ಇರುವುದಿಲ್ಲ.

ಪರದೆ ಬರೆದ ಕೊನೆಯ ತಲೆಮಾರಿನವರು ಇನ್ನೂ ಅಲ್ಲಲ್ಲಿ ಇದ್ದಾರೆ. ಕೆಲವರು ಈಗ ಬೋರ್ಡು ಬರೆಯುತ್ತಾರೆ, ಕೆಲವರಿಗೆ ಕಣ್ಣು ಮಂಜಾಗಿದೆ. ಸಂಗ್ರಹಾಲಯ ಕಟ್ಟುವುದು ದೊಡ್ಡ ಮಾತು. ಅವರ ಮನೆ ಜಗಲಿಯಲ್ಲಿ ಕೂತು, ಯಾವ ಬಣ್ಣಕ್ಕೆ ಯಾವ ಅಂಟು ಬೆರೆಸುತ್ತಿದ್ದಿರಿ, ಮೋಡ ಹೇಗೆ ಸರಿಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು.