ಈರುಳ್ಳಿ ಸಿಪ್ಪೆಯ ಕಪ್ಪು ಪುಡಿಯೇ ಬ್ಲ್ಯಾಕ್ ಫಂಗಸ್? ಐಸಿಯು ರೋಗಿಗಳಿಗೆ ಶಿಲೀಂಧ್ರ ಸೋಂಕು ಬರುವುದು ಹೇಗೆ?

ಈರುಳ್ಳಿ (ನಮ್ಮ ರಾಯಚೂರು ಕಡೆಯ ಉಳ್ಳಾಗಡ್ಡಿ) ಸಿಪ್ಪೆಯ ಮೇಲಿನ ಕಪ್ಪು ಪುಡಿ, ಫ್ರಿಜ್ ಬಾಗಿಲಿನ ರಬ್ಬರಿನ ಕಪ್ಪು ಕಲೆ, ಇವೇ ಬ್ಲ್ಯಾಕ್ ಫಂಗಸ್ ಎನ್ನುವ ಸಂದೇಶ 2021ರ ಮೇ ತಿಂಗಳಲ್ಲಿ ವಾಟ್ಸಾಪ್‌ನಲ್ಲಿ ಹರಿದಾಡಿತ್ತು. ಇದು ಸುಳ್ಳು.

ಈರುಳ್ಳಿಯ ಮೇಲಿನ ಕಪ್ಪು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟು. ತೊಳೆದು, ಆ ಪದರ ತೆಗೆದು ಬಳಸಿದರೆ ಸಾಕು. ಬ್ಲ್ಯಾಕ್ ಫಂಗಸ್ ಅಂದರೆ ಮ್ಯೂಕರ್‌ಮೈಕೋಸಿಸ್. ಅದನ್ನು ತರುವ ಶಿಲೀಂಧ್ರಗಳ ಗುಂಪೇ ಬೇರೆ. ಅವು ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ಇರುತ್ತವೆ. ಅವುಗಳ ಕಣಗಳನ್ನು ನಾವೆಲ್ಲ ಉಸಿರಾಡುತ್ತಲೇ ಇರುತ್ತೇವೆ, ಏನೂ ಆಗುವುದಿಲ್ಲ. ಹೆಸರಿನಲ್ಲಿರುವ ಕಪ್ಪು ಕೂಡ ಶಿಲೀಂಧ್ರದ್ದಲ್ಲ. ಅದು ರಕ್ತನಾಳಕ್ಕೆ ನುಗ್ಗಿ ರಕ್ತ ಹರಿಯದಂತೆ ಮಾಡಿದಾಗ ಸತ್ತ ಅಂಗಾಂಶ ಕಪ್ಪಾಗುತ್ತದೆ.

ಅಂದ ಹಾಗೆ, ಶಕ್ತಿನಗರದ ಆರ್‌ಟಿಪಿಎಸ್ ಹಾರುಬೂದಿ ಶ್ವಾಸಕೋಶಕ್ಕೆ ತೊಂದರೆ ಕೊಡಬಹುದು. ಆದರೆ ಅದು ಕಲ್ಲಿದ್ದಲು ಸುಟ್ಟುಳಿದ ಖನಿಜ, ಶಿಲೀಂಧ್ರವಲ್ಲ.

ಹಾಗಾದರೆ 2021ರಲ್ಲಿ ಅಷ್ಟು ಜನರಿಗೆ ಏಕೆ ಬಂತು? ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಅದರ ಮೇಲೆ ಕೋವಿಡ್, ಅದಕ್ಕೆ ಕೊಟ್ಟ ಸ್ಟಿರಾಯ್ಡ್. ಸ್ಟಿರಾಯ್ಡ್ ಹಲವರ ಜೀವ ಉಳಿಸಿತು, ನಿಜ. ಆದರೆ ಅದು ಸಕ್ಕರೆ ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಆ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಆದೇಶಿಸಿತು. ಆಂಫೊಟೆರಿಸಿನ್-ಬಿ ಇಂಜೆಕ್ಷನ್‌ಗೆ ದೇಶದಾದ್ಯಂತ ಅಭಾವವಿತ್ತು. ಅದೇ ಹೊತ್ತಿಗೆ ಪಟಕ, ಅರಿಶಿನ, ಸೈಂಧವ ಲವಣ, ಸಾಸಿವೆ ಎಣ್ಣೆಯಿಂದ ಗುಣವಾಗುತ್ತದೆ ಎಂಬ ಫಾರ್ವರ್ಡ್ ಕೂಡ ಬಂತು! ನಮ್ಮ ದೃಷ್ಟಿಯಲ್ಲಿ ಈರುಳ್ಳಿಗಿಂತ ಇದೇ ಹೆಚ್ಚು ಅಪಾಯಕಾರಿ. ಈ ಸೋಂಕಿನಲ್ಲಿ ಒಂದು ದಿನ ತಡವಾದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

ಐಸಿಯುನಲ್ಲಿ ಹೆಚ್ಚಾಗಿ ಕಾಣುವುದು ಮಾತ್ರ ಬ್ಲ್ಯಾಕ್ ಫಂಗಸ್ ಅಲ್ಲ, ಕ್ಯಾಂಡಿಡಾ. ಇದು ಆರೋಗ್ಯವಂತರ ಕರುಳಲ್ಲೂ ಚರ್ಮದ ಮೇಲೂ ತೆಪ್ಪಗಿರುತ್ತದೆ. ದಿನಗಟ್ಟಲೆ ಆ್ಯಂಟಿಬಯೋಟಿಕ್ ಕೊಟ್ಟಾಗ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಇದಕ್ಕೆ ಜಾಗ ಸಿಗುತ್ತದೆ. ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ, ಹೊಟ್ಟೆಯ ಆಪರೇಷನ್ ಇದಕ್ಕೆ ರಕ್ತದೊಳಗೆ ದಾರಿ ಮಾಡಿಕೊಡುತ್ತವೆ. ಜ್ವರ ಇಳಿಯದಿದ್ದಾಗ ವೈದ್ಯರು ರಕ್ತದ ಕಲ್ಚರ್ ಮಾಡಿಸುತ್ತಾರೆ. ಫಲಿತಾಂಶಕ್ಕೆ ದಿನಗಳೇ ಬೇಕು, ಸೋಂಕಿದ್ದರೂ ಕೆಲವೊಮ್ಮೆ ಸಿಕ್ಕುವುದಿಲ್ಲ. ಅದಕ್ಕೇ ವರದಿ ಬರುವ ಮುನ್ನವೇ ಔಷಧ ಶುರು ಮಾಡುವುದುಂಟು.

2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಲಾದ ಕ್ಯಾಂಡಿಡಾ ಆರಿಸ್ ಇನ್ನೂ ಹಟಮಾರಿ. ಹಲವು ಔಷಧಗಳಿಗೆ ಬಗ್ಗುವುದಿಲ್ಲ, ಮಂಚದ ಸರಳಿನ ಮೇಲೂ ವಾರಗಟ್ಟಲೆ ಉಳಿಯುತ್ತದೆ, ಕೈಯಿಂದ ಕೈಗೆ ಹಬ್ಬುತ್ತದೆ.

ಶಕ್ತಿನಗರ, ದೇವದುರ್ಗ, ಮಾನ್ವಿಯಿಂದ ರೋಗಿಯನ್ನು ರಾಯಚೂರಿನ ರಿಮ್ಸ್‌ಗೋ ಬೇರೆ ದೊಡ್ಡ ಆಸ್ಪತ್ರೆಗೋ ಕರೆತಂದವರು ಐಸಿಯು ಹೊರಗೆ ಕೂತಿದ್ದಾಗ "ಫಂಗಸ್ ಇದೆ" ಎಂಬ ಮಾತು ಕೇಳಿದರೆ ಗಾಬರಿಯಾಗುವುದು ಸಹಜ. ಯಾವ ಫಂಗಸ್, ಕಲ್ಚರ್ ಕಳಿಸಿದ್ದಾರಾ, ಸಕ್ಕರೆ ಎಷ್ಟಿದೆ, ನಳಿಕೆ ಬದಲಿಸಬೇಕಾ ಎಂದು ವೈದ್ಯರನ್ನು ಕೇಳಿ. ಒಳಗೆ ಹೋಗುವಾಗಲೂ ಬರುವಾಗಲೂ ಕೈಗೆ ಸ್ಯಾನಿಟೈಸರ್ ಹಚ್ಚಿ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಸಕ್ಕರೆ ರೋಗಿಗೆ ಮುಖದ ಒಂದೇ ಬದಿ ನೋವು ಅಥವಾ ಬಾವು, ಮೂಗಿನಿಂದ ಕಪ್ಪು ಸಿಂಬಳ, ಒಂದು ವಸ್ತು ಎರಡಾಗಿ ಕಾಣುವುದು ಶುರುವಾದರೆ ಬೆಳಗಾಗಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.