ಧಾರವಾಡದಲ್ಲಿ ಹುಟ್ಟಿದ ಬೌಲರ್: ಪಲ್ವಂಕರ್ ಸೋದರರ ನೆನಪಿಗೆ

ಅನಂತಪುರದ ಸರೋವರ ಕ್ಷೇತ್ರಕ್ಕೆ ಸಮೀಪದ ಕುಂಬಳೆ ಎಂಬ ಹೆಸರು ಲೋಕದ ಕ್ರಿಕೆಟ್ ಮೈದಾನಗಳಲ್ಲೆಲ್ಲ ಕೇಳಿಬಂದಿದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದರೂ ಮನೆತನದ ಊರನ್ನು ಹೆಸರಿನಲ್ಲೇ ಹೊತ್ತ ಅನಿಲ್ ಕುಂಬ್ಳೆಯವರ 619 ಟೆಸ್ಟ್ ವಿಕೆಟ್‌ಗಳನ್ನೂ, 1999ರಲ್ಲಿ ದೆಹಲಿಯಲ್ಲಿ ಒಂದೇ ಇನಿಂಗ್ಸಿನ ಹತ್ತು ವಿಕೆಟ್‌ಗಳನ್ನು ಅವರು ಕಿತ್ತುದನ್ನೂ ನಮ್ಮ ಮಕ್ಕಳು ಬಾಯಿಪಾಠವಾಗಿ ಹೇಳಬಲ್ಲರು. ಪ್ರಸನ್ನ, ಚಂದ್ರಶೇಖರ್ ಅವರ ಹೆಸರುಗಳೂ ಹಿರಿಯರ ನೆನಪಿನಲ್ಲಿ ಹಸಿರಾಗಿವೆ. ಆದರೆ ಇವರೆಲ್ಲರಿಗಿಂತ ಬಹಳ ಹಿಂದೆ, ಕನ್ನಡನಾಡಿನ ಧಾರವಾಡದಲ್ಲಿ ಹುಟ್ಟಿ, ಭಾರತದ ಮೊದಲ ಮಹಾನ್ ಸ್ಪಿನ್ ಬೌಲರ್ ಎನಿಸಿಕೊಂಡ ಪಲ್ವಂಕರ್ ಬಾಳೂ ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಅವರನ್ನೂ ಅವರ ತಮ್ಮಂದಿರನ್ನೂ ಈ ಸಂಚಿಕೆಯಲ್ಲಿ ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಬಾಳೂ ಅವರು ಹುಟ್ಟಿದ್ದು 1870ರ ದಶಕದಲ್ಲಿ. ಮನೆತನ ಮೂಲತಃ ಕೊಂಕಣದ್ದು. ತಂದೆ ಸೈನ್ಯದ ಸೇವೆಯಲ್ಲಿದ್ದವರು. ಚರ್ಮದ ಕಸುಬಿನ ಚಾಂಭಾರ ಸಮುದಾಯಕ್ಕೆ ಸೇರಿದ್ದುದರಿಂದ ಅಂದಿನ ಸಮಾಜ ಅವರನ್ನು ‘ಅಸ್ಪೃಶ್ಯ’ರೆಂದು ದೂರವಿಟ್ಟಿತ್ತು. ಕುಟುಂಬ ಪುಣೆಯಲ್ಲಿ ನೆಲೆಸಿದ ಮೇಲೆ ಬಾಳೂ ಅವರಿಗೆ ದೊರೆತ ಮೊದಲ ಉದ್ಯೋಗ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿಯ ಹೆಸರಾಂತ ಬ್ಯಾಟ್ಸ್‌ಮನ್ ಗ್ರೇಗ್ ಮುಂತಾದವರಿಗೆ ನೆಟ್ ಅಭ್ಯಾಸದಲ್ಲಿ ಗಂಟೆಗಟ್ಟಲೆ ಚೆಂಡೆಸೆಯುತ್ತ ಅವರ ಎಡಗೈ ಪಳಗಿತು. ಆದರೆ ಬ್ಯಾಟ್ ಹಿಡಿಯುವ ಅವಕಾಶ ಅವರಿಗೆ ಅಲ್ಲಿ ದೊರೆಯಲಿಲ್ಲ.

ಇವರ ಕೀರ್ತಿ ಹಬ್ಬಿದಂತೆ ಪುಣೆಯ ಹಿಂದೂ ತಂಡದವರಿಗೆ ಇಕ್ಕಟ್ಟು ಎದುರಾಯಿತು. ಯುರೋಪಿಯನ್ನರನ್ನು ಸೋಲಿಸಬೇಕಾದರೆ ಬಾಳೂ ಬೇಕು. ಬಾಳೂ ಬೇಕಾದರೆ ಮಡಿಮೈಲಿಗೆಯನ್ನು ಬದಿಗಿಡಬೇಕು. ಕೊನೆಗೆ ತಂಡಕ್ಕೆ ಸೇರಿಸಿಕೊಂಡರು, ಆದರೆ ಅರ್ಧ ಮನಸ್ಸಿನಿಂದ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಎಸೆದುಬಿಡುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುತ್ತಿದ್ದರು. ಊಟಕ್ಕೂ ಪ್ರತ್ಯೇಕ ಜಾಗ. ಬೆಳಗಿನಿಂದ ಸಂಜೆಯವರೆಗೆ ತಂಡಕ್ಕಾಗಿ ದುಡಿದ ಕೈಗೆ ತಂಡದ ಲೋಟವನ್ನು ಮುಟ್ಟುವ ಹಕ್ಕಿರಲಿಲ್ಲ.

1896ರ ಹೊತ್ತಿಗೆ ಬಾಳೂ ಬೊಂಬಾಯಿಗೆ ಬಂದರು. ಅಲ್ಲಿಯ ಹಿಂದೂ ಜಿಮ್‌ಖಾನಾದಲ್ಲಿ ಕೆಲವು ಸದಸ್ಯರ ವಿರೋಧದ ನಡುವೆಯೂ ಅವರಿಗೆ ಪ್ರವೇಶ ದೊರೆಯಿತು. 1906ರ ಫೆಬ್ರವರಿಯಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಳೂ ಜೊತೆಗೆ ತಮ್ಮ ಶಿವರಾಮ್ ಕೂಡ ಆಡಿದ್ದರು. ಅಂದಿನ ಸಮಾಜಸುಧಾರಕರ ಪತ್ರಿಕೆಯಾದ ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ಈ ಸೋದರರಿಗೆ ದೊರೆತ ಪ್ರವೇಶವನ್ನು ಜಾತಿಬಂಧನದ ಸಡಿಲಿಕೆಯ ದೊಡ್ಡ ಹೆಜ್ಜೆಯೆಂದು ಬಣ್ಣಿಸಿತು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಹೆಚ್ಚಿನ ಪಂದ್ಯಗಳನ್ನು ಸೋತರೂ ಬಾಳೂ ಆ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಲೀಸ್ಟರ್‌ಷೈರ್ ವಿರುದ್ಧದ ಗೆಲುವಿನಲ್ಲಿ 11 ವಿಕೆಟ್‌ಗಳು ಅವರವೇ. ಮರಳಿ ಬಂದಾಗ ತರುಣ ಅಂಬೇಡ್ಕರ್ ಸಹಿತ ಶೋಷಿತ ಸಮುದಾಯದ ಅನೇಕರಿಗೆ ಅವರು ಆದರ್ಶವಾಗಿದ್ದರು.

ಮುಂದೆ ಗಣಪತ್ ಮತ್ತು ವಿಠ್ಠಲ್ ಕೂಡ ಹಿಂದೂ ತಂಡದಲ್ಲಿ ಆಡಿದರು. ಆ ಪಂದ್ಯಗಳು ಹಣಕ್ಕಾಗಿ ಆಡಿದವಲ್ಲ. ಸಮುದಾಯದ ಗೌರವಕ್ಕಾಗಿ ಆಡಿದವು. ಆದರೆ ಆ ಗೌರವದ ನಾಯಕಪಟ್ಟ ಮಾತ್ರ ಬಾಳೂ ಅವರ ಪಾಲಿಗೆ ಬರಲೇ ಇಲ್ಲ. 1920ರ ಚತುಷ್ಕೋನ ಪಂದ್ಯಾವಳಿಗೆ ಬಾಳೂ ಅವರನ್ನು ಕೈಬಿಡಲಾಯಿತು. ನಾಯಕ ಪೈ ಅವರು ಅಸ್ವಸ್ಥರಾದಾಗ, ಹಿರಿಯರಾದ ವಿಠ್ಠಲ್ ಅವರನ್ನು ಬಿಟ್ಟು ದೇವಧರ್ ಅವರಿಗೆ ತಂಡವನ್ನು ಒಪ್ಪಿಸಲಾಯಿತು. ವಿಠ್ಠಲ್ ಮತ್ತು ಶಿವರಾಮ್ ತಂಡದಿಂದ ಹೊರನಡೆದು, ಜಾತಿಯ ಕಾರಣದ ಈ ಅವಮಾನವನ್ನು ಸಹಿಸುವುದಿಲ್ಲವೆಂದು ಬಹಿರಂಗ ಹೇಳಿಕೆ ಕೊಟ್ಟರು. ಸಾರ್ವಜನಿಕರ ಒತ್ತಾಯ ಹೆಚ್ಚಿತು. ಅಂತಿಮ ಪಂದ್ಯಕ್ಕೆ ಸೋದರರು ಮರಳಿದರು, ಬಾಳೂ ಉಪನಾಯಕರಾದರು. ಪೈ ಅವರು ತಾವಾಗಿಯೇ ಸ್ವಲ್ಪ ಹೊತ್ತು ಮೈದಾನದಿಂದ ಹೊರಗುಳಿದು ಬಾಳೂ ಅವರು ತಂಡವನ್ನು ನಡೆಸುವಂತೆ ಮಾಡಿದರು. ಮೂರು ವರ್ಷಗಳ ಬಳಿಕ, 1923ರಲ್ಲಿ ವಿಠ್ಠಲ್ ನಾಯಕರಾದರು. ತಂಡ ಯುರೋಪಿಯನ್ನರನ್ನು ಸೋಲಿಸಿ ಕಪ್ ಗೆದ್ದಿತು. ಅವರನ್ನು ಹೆಗಲ ಮೇಲೆ ಹೊತ್ತು ಕುಣಿದ ಜನ ಅಂದು ಜಾತಿ ಕೇಳಲಿಲ್ಲ.

ಇಂಥ ಚರಿತ್ರೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1860ರ ದಶಕದಲ್ಲಿ ಕರಿಯರು ಕಟ್ಟಿದ ‘ಪಿಥಿಯನ್’ ಎಂಬ ಹವ್ಯಾಸಿ ಬೇಸ್‌ಬಾಲ್ ತಂಡವಿತ್ತು. ಶಿಕ್ಷಕರಾಗಿದ್ದ ಆಕ್ಟೇವಿಯಸ್ ಕ್ಯಾಟೋ ಅದರ ಮುಂದಾಳು. 1867ರಲ್ಲಿ ರಾಜ್ಯ ಬೇಸ್‌ಬಾಲ್ ಸಂಘದ ಸದಸ್ಯತ್ವಕ್ಕೆ ತಂಡ ಅರ್ಜಿ ಹಾಕಿತು. ತಿರಸ್ಕಾರ ಖಚಿತವೆಂದು ಕಂಡಾಗ ಹಿಂದೆಗೆಯಬೇಕಾಯಿತು. ಅದೇ ವರ್ಷಾಂತ್ಯಕ್ಕೆ ರಾಷ್ಟ್ರೀಯ ಸಂಘವೂ ಕರಿಯರಿರುವ ತಂಡಗಳಿಗೆ ಬಾಗಿಲು ಮುಚ್ಚಿತು. ಆದರೂ 1869ರಲ್ಲಿ ಅವರು ಬಿಳಿಯರ ತಂಡಗಳೊಡನೆ ಆಡಿ ತೋರಿಸಿದರು. ಮತದಾನದ ಹಕ್ಕಿಗಾಗಿ ದುಡಿದ ಕ್ಯಾಟೋ 1871ರ ಚುನಾವಣೆಯ ದಿನ ಗುಂಡೇಟಿಗೆ ಬಲಿಯಾದರು. ಅವರ ಪ್ರತಿಮೆಯನ್ನು ಆ ನಗರ ತನ್ನ ಪುರಭವನದ ಬಳಿ ನಿಲ್ಲಿಸಿದ್ದು 2017ರಲ್ಲಿ. ಅಲ್ಲಿ ಇಡೀ ತಂಡವನ್ನೇ ಹೊರಗಿಟ್ಟರು. ಇಲ್ಲಿ ಆಟಗಾರನ ಕೈಚಳಕವನ್ನು ಒಳಗೆ ಬಿಟ್ಟುಕೊಂಡು ಮನುಷ್ಯನನ್ನು ಹೊರಗೆ ನಿಲ್ಲಿಸಿದರು.

ಬಾಳೂ ಬೊಂಬಾಯಿಗೆ ಬಂದ ಆ ಕಾಲದಲ್ಲಿಯೇ, ಕಾಸರಗೋಡಿನ ಕುದ್ಮುಲಿನಲ್ಲಿ ಹುಟ್ಟಿದ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿದರು. ಶಾಲೆಯ ಬೆಂಚಿನಲ್ಲಿ ಕೂರುವ ಹಕ್ಕಿಗಾಗಿ ಬಹಿಷ್ಕಾರವನ್ನೂ ಎದುರಿಸಿದರು. ಮೈದಾನದಲ್ಲಿ ನಡೆದುದೂ ಶಾಲೆಯಲ್ಲಿ ನಡೆದುದೂ ಒಂದೇ ಹೋರಾಟದ ಎರಡು ಮುಖಗಳು ಎಂಬುದನ್ನು ಈ ಮಣ್ಣಿನವರಾದ ನಾವು ಸುಲಭವಾಗಿ ಅರಿಯಬಲ್ಲೆವು.

ಬಾಳೂ ಅವರ ಉತ್ತರಾರ್ಧದ ಬದುಕನ್ನೂ ಮುಚ್ಚಿಡಬೇಕಾಗಿಲ್ಲ. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಅವರು ಅಂಬೇಡ್ಕರ್ ಅವರ ಎದುರಾಳಿಯಾಗಿ ನಿಂತು 11,225 ಮತ ಪಡೆದರು. ಅಂಬೇಡ್ಕರ್ 13,245 ಮತಗಳಿಂದ ಗೆದ್ದರು. ದಾರಿ ಬೇರೆಯಾದರೂ ಇಬ್ಬರೂ ಉಂಡ ನೋವು ಒಂದೇ. 1955ರಲ್ಲಿ ಬಾಳೂ ತೀರಿಕೊಂಡರು.

ಪಲ್ವಂಕರ್ ಸೋದರರನ್ನು ಗೌರವಿಸುವುದೆಂದರೆ ವಿಕೆಟ್‌ಗಳ ಲೆಕ್ಕವನ್ನಷ್ಟೇ ಒಪ್ಪಿಸುವುದಲ್ಲ. ಆ ಮಣ್ಣಿನ ಕುಡಿಕೆಯನ್ನೂ 1920ರ ಬಹಿರಂಗ ಹೇಳಿಕೆಯನ್ನೂ ಜೊತೆಗೇ ಹೇಳುವುದು. ನಮ್ಮ ಮಕ್ಕಳು ಕುಂಬ್ಳೆಯವರ ಹೆಸರನ್ನು ಅಭಿಮಾನದಿಂದ ಹೇಳುವಾಗ, ಆ ಸಾಲಿನ ಮೊದಲಿಗೆ ಧಾರವಾಡದಲ್ಲಿ ಹುಟ್ಟಿದ ಬಾಳೂ ಅವರನ್ನೂ ಸೇರಿಸಿ ಹೇಳಲಿ. ಊರೂರಿನ ಕ್ಲಬ್ಬುಗಳು ಪಂದ್ಯ ಮುಗಿಸಿ ಊಟಕ್ಕೆ ಕುಳಿತಾಗ, ಬೆಳಿಗ್ಗೆ ಮೈದಾನ ಗುಡಿಸಿದವರೂ ಅದೇ ಪಂಕ್ತಿಯಲ್ಲಿ ಕುಳಿತಿರಲಿ. ಸಂಘದ ಮನೆಮನೆಗಳಿಂದ ಇಷ್ಟನ್ನು ನಾವು ಬಯಸುತ್ತೇವೆ.